ಎಡಗಡೆ ಹಿಡಿಯಿರುವ ಕಪ್

ನಮ್ಮ ಭಾವ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವರು. ಈ ಬೀದಿಯ ಅರ್ಧ ಜನಕ್ಕೆ ಎದುರಿಗಿರುವುದು ಎದುರಿಗಿರುವ ಹಾಗೆ ಕಾಣುತ್ತಿದ್ದರೆ ಅದು ಅವರ ಕೈಗುಣ. ಆ ಭಾಗ್ಯ ಅವರೊಬ್ಬರಿಗೆ ಮಾತ್ರ ದಕ್ಕಲಿಲ್ಲ ಎಂದರೆ ಅದಕ್ಕೆ ಅವರ ಕಣ್ಣನ್ನು ದೂರಬಾರದು. ಕಣ್ಣು ಚೆನ್ನಾಗಿಯೇ ಇವೆ.

ಅಂಗಡಿ ಮೂರು ಕೋಣೆಯದು. ಬೀದಿಗೆ ತೆರೆದ ಮೊದಲನೆಯದರಲ್ಲಿ ಗಾಜಿನ ಕಪಾಟು, ಅದರ ತುಂಬ ಫ್ರೇಮು, ಅದರ ಹಿಂದೆ ಸ್ಟೂಲಿನ ಮೇಲೆ ನನ್ನ ಅಕ್ಕ. ಕೊನೆಯದರಲ್ಲಿ ಲೆನ್ಸ್ ಉಜ್ಜುವ ಯಂತ್ರ, ಒಂದು ನಲ್ಲಿ, ಟೀ ಕಾಯಿಸುವ ಒಲೆ. ನಡುವೆ ಕಿಟಕಿಯಿಲ್ಲದ ಪರೀಕ್ಷೆಯ ಕೋಣೆ. ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆದುಕೊಂಡು ನಾನು ನೇರ ಅಲ್ಲಿಗೇ ಹೋಗುತ್ತೇನೆ. ಅಕ್ಕ ಊಟ ಮುಗಿಸುವ ತನಕ ಕಪಾಟು ನನ್ನದು. ಮಗಳಿಗೆ ನಾಲ್ಕು ವರ್ಷ. ಕನ್ನಡಕದ ತಿರುಪು ಎಂಬುದು ಅಕ್ಕಿಕಾಳಿಗಿಂತ ಚಿಕ್ಕದು ಎನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಅವಳು ಬಾಯಿಗೆ ಹಾಕಿಕೊಂಡಾಳೆಂದು ಆ ನೆಲದ ಮೇಲೆ ನಾನು ಮಂಡಿಯೂರಿ ಹುಡುಕದ ಮೂಲೆಯಿಲ್ಲ.

ಪರೀಕ್ಷೆಯ ಕೋಣೆಯ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಎಲ್ಲ ಅನಾಹುತ ನಡೆದದ್ದು ಅಲ್ಲೇ. ಅಕ್ಷರ ಓದಿಸಿ ಕಣ್ಣು ಅಳೆಯಲು ಇಷ್ಟು ದೂರ ಬೇಕೆಂದು ಲೆಕ್ಕವಿದೆ. ನಮ್ಮ ಕೋಣೆ ಅದರ ಅರ್ಧ. ಆದ್ದರಿಂದ ಅಕ್ಷರದ ಫಲಕವನ್ನು ಗಿರಾಕಿಯ ಬೆನ್ನ ಹಿಂದೆ, ತಲೆಗಿಂತ ಎತ್ತರದಲ್ಲಿ ತೂಗುಹಾಕಿ, ಎದುರು ಗೋಡೆಗೆ ದೊಡ್ಡ ಕನ್ನಡಿ ಇಟ್ಟಿದ್ದಾರೆ. ಗಿರಾಕಿ ಕನ್ನಡಿಯಲ್ಲಿ ನೋಡಿ ಓದಬೇಕು. ನೋಟ ಕನ್ನಡಿಯ ತನಕ ಹೋಗಿ ವಾಪಸು ಬರುವುದರಿಂದ ದೂರ ದುಪ್ಪಟ್ಟಾಗುತ್ತದೆ. ಕನ್ನಡಿ ಎಡಬಲ ತಿರುಗಿಸುತ್ತದಲ್ಲ, ಅದಕ್ಕೆ ಫಲಕದ ಮೇಲೆ ಅಕ್ಷರಗಳನ್ನೇ ಉಲ್ಟಾ ಅಚ್ಚು ಹಾಕಿರುತ್ತಾರೆ. ಭಾವ ಆ ಉಲ್ಟಾ ಫಲಕವನ್ನು ಒರೆಸುತ್ತ, ಉಲ್ಟಾ ಅಕ್ಷರವನ್ನೇ ಬೆರಳಿಟ್ಟು ತೋರಿಸುತ್ತ ತಲೆಗೂದಲು ಹಣ್ಣಾಗಿಸಿಕೊಂಡವರು. ಅವರಿಗೆ ಅಕ್ಷರ ಯಾವ ಕಡೆ ಮುಖ ಮಾಡಿದ್ದರೂ ಒಂದೇ, ಓದಿಬಿಡುತ್ತಾರೆ. ಇದನ್ನು ಅವರು ಒಂದು ವಿದ್ಯೆ ಎಂದೇ ಹೇಳಿಕೊಳ್ಳುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು.

ಇಂಥ ನೆಮ್ಮದಿಯ ಮನುಷ್ಯನಿಗೆ ಷೇರಿನ ಹುಚ್ಚು ಹಿಡಿದದ್ದು ಫೋನಿನಿಂದ. ಯಾರೋ ಒಬ್ಬ ಗುರು. ಬಿಳಿ ಗೋಡೆಯ ಮುಂದೆ ಕೂತು, ಷೇರಿನ ಬೆಲೆ ಏರಿಳಿಯುವ ಗೆರೆಯಲ್ಲಿ ಆಕಾರಗಳನ್ನು ಹುಡುಕಿ ತೋರಿಸುತ್ತಾನೆ. ಕಂಪನಿ ಏನು ಮಾಡುತ್ತದೆ, ಲಾಭದಲ್ಲಿದೆಯೋ ಮುಳುಗುತ್ತಿದೆಯೋ ಅದೆಲ್ಲ ಬೇಡ; ಗೆರೆ ಒಂದು ತಲೆ ಎರಡು ಭುಜದ ಹಾಗಿದ್ದರೆ ಮಾರು, ಹಿಡಿಯಿರುವ ಕಪ್ಪಿನ ಹಾಗಿದ್ದರೆ ಕೊಳ್ಳು, ನಾಲ್ಕಾರು ದಿನ ಇಟ್ಟುಕೊಂಡು ಕೈಬಿಡು. ಅಷ್ಟೇ. ಮಕ್ಕಳು ಮೋಡದಲ್ಲಿ ಆನೆ ನೋಡಿದರೆ ನಾವು ಆಟ ಎನ್ನುತ್ತೇವೆ. ಮೀಸೆಯಿರುವವರು ಗೆರೆಯಲ್ಲಿ ಕಪ್ ನೋಡಿದರೆ ಅದಕ್ಕೆ ವಿಶ್ಲೇಷಣೆ ಎಂದು ಹೆಸರು.

"ನಾದಿನಿ ಮೇಡಂ," ಎಂದರು ಭಾವ ಒಂದು ದಿನ, "ಇಷ್ಟು ವರ್ಷ ನಾನು ಬೇರೆಯವರಿಗೆ ನೋಡೋದು ಕಲಿಸಿದೆ. ಈಗ ನಾನು ನೋಡೋದು ಕಲೀತಾ ಇದೀನಿ."

"ಫೀಸು ಎಷ್ಟಂತೆ?" ಎಂದಳು ಅಕ್ಕ ಕಪಾಟಿನ ಹಿಂದಿನಿಂದ.

"ನೋಡು, ಇದೇ. ಮಾತೆತ್ತಿದರೆ ಫೀಸು."

ಫೋನಿನ ಚಿಕ್ಕ ತೆರೆ ನೋಡಿದರೆ ಕಣ್ಣು ಹಾಳು ಎಂದು ದಿನವೂ ಗಿರಾಕಿಗಳಿಗೆ ಹೇಳುವ ಬಾಯಿ ಅವರದು. ಅದಕ್ಕೆ ದೊಡ್ಡದೊಂದು ತೆರೆ ತಂದರು. ಮುಚ್ಚಿಹೋದ ಯಾವುದೋ ಸ್ಟುಡಿಯೊದ ಮಾಲು. ಅದರ ಬೆನ್ನಿಗೊಂದು ಗುಂಡಿ. ಒತ್ತಿದರೆ ಚಿತ್ರ ಎಡಬಲ ತಿರುಗುತ್ತದೆ, ಇನ್ನೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. ಅದನ್ನು ಅಕ್ಷರದ ಫಲಕದ ಮೇಲ್ಗಡೆ ಕೂರಿಸಿ, ಗುಂಡಿ ಒತ್ತಿ ಚಿತ್ರ ಉಲ್ಟಾ ಮಾಡಿ, ಕನ್ನಡಿಯಲ್ಲಿ ಅದು ಸರಿಯಾಗಿ ಕಾಣುವಂತೆ ಮಾಡಿದರು. ಇನ್ನು ಗಿರಾಕಿಯ ಪಕ್ಕ ನಿಂತು, ಕನ್ನಡಿ ನೋಡುತ್ತ, ಒಂದೇ ಕಾಲಕ್ಕೆ ಅವರ ಕಣ್ಣನ್ನೂ ಮಾರುಕಟ್ಟೆಯನ್ನೂ ಪರೀಕ್ಷಿಸಬಹುದು. ಬಣ್ಣ ಆಸೆ ಹುಟ್ಟಿಸುತ್ತದೆ, ಅಂಕಿ ಭಯ ಹುಟ್ಟಿಸುತ್ತದೆ ಎಂದು ಗುರು ಹೇಳಿದ್ದನಂತೆ. ಆದ್ದರಿಂದ ಕೆಂಪು ಹಸಿರು ತೆಗೆಸಿದರು, ಅಂಕಿ ತೆಗೆಸಿದರು. ಉಳಿದದ್ದು ಮೂಲೆಯಲ್ಲಿ ಕಂಪನಿಯ ಹೆಸರು, ಬಿಳಿ ಮೈದಾನದಲ್ಲಿ ಒಂದು ಕಪ್ಪು ಗೆರೆ. ಎಡದಿಂದ ಬಲಕ್ಕೆ ಓದಬೇಕು: ಎಡಗಡೆ ಹಳೆಯ ದಿನ, ಬಲತುದಿ ಇಂದು. ಗೆರೆ ದಿನಕ್ಕೆ ಒಂದು ಚೂರು ಬೆಳೆಯುತ್ತದೆ. ಆಕಾರ ಒಪ್ಪಿಗೆಯಾದರೆ ಫೋನಿನಲ್ಲಿ ಅದೇ ಹೆಸರು ಒತ್ತಿ ಕೊಳ್ಳುವುದು.

ಆಮೇಲೆ ಗಿರಾಕಿಗಳ ಪಾಡು. ನಿವೃತ್ತ ಟೀಚರೊಬ್ಬರು ನಮ್ಮಲ್ಲಿಗೆ ಬರುತ್ತಾರೆ, ಬೀದಿಯ ಮೂರು ತಲೆಮಾರಿಗೆ ಮಗ್ಗಿ ಹೇಳಿಕೊಟ್ಟವರು. ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಫ್ರೇಮು ಮೂಗಿಗೇರಿಸಿ, ಫಲಕದ ಕೆಂಪು ಹಸಿರು ಪಟ್ಟಿ ತೋರಿಸಿ ಭಾವ ಕೇಳಿದರು:

"ಕೆಂಪಿನ ಮೇಲಿರೋ ಅಕ್ಷರ ಸ್ಪಷ್ಟವಾಗಿದೆಯಾ, ಹಸಿರಿನ ಮೇಲಿರೋದಾ?"

"ಹಸಿರು."

"ಹಸಿರು ಒಳ್ಳೇದು. ಏರ್ತದೆ," ಎಂದರು ಭಾವ ಕನ್ನಡಿಯ ಮೇಲ್ಭಾಗ ನೋಡುತ್ತ.

"ಏನಪ್ಪ ಏರ್ತದೆ? ನನ್ನ ನಂಬರಾ?"

"ಅಲ್ಲ ಮೇಡಂ, ನಿಮ್ಮ ಕಣ್ಣು ಗಟ್ಟಿ ನೆಲದ ಮೇಲೆ ನಿಂತಿದೆ. ಇದಕ್ಕಿಂತ ಕೆಳಗೆ ಬೀಳಲ್ಲ. ಬಿದ್ದರೆ ಮಾತ್ರ ತುಂಬಾ ಕೆಳಗೆ ಹೋಗುತ್ತೆ."

ಟೀಚರು ಕನ್ನಡಕ ತೆಗೆದುಕೊಂಡು ಹೊರಗೆ ಬಂದು ಅಕ್ಕನ ಕೈ ಹಿಡಿದರು. "ಅಮ್ಮಾ, ನಿಮ್ಮ ಯಜಮಾನರ ಆರೋಗ್ಯ ಚೆನ್ನಾಗಿದೆ ತಾನೆ?"

ಚೆನ್ನಾಗಿಯೇ ಇತ್ತು. ಚೆನ್ನಾಗಿಲ್ಲದಿದ್ದುದು ಗೆರೆ. ಅವರು ಕೊಂಡ ಮರುದಿನ ಯಾವ ಕಪ್ಪಾದರೂ ಹಿಡಿ ಮುರಿದುಕೊಂಡು ಬೀಳುತ್ತಿತ್ತು. ಮಾರಿದ ಮರುದಿನ ಯಾವ ತಲೆಯಾದರೂ ಎದ್ದು ಆಕಾಶಕ್ಕೆ ಹೋಗುತ್ತಿತ್ತು. ಇದರಲ್ಲಿ ನಮಗೆ ಆಶ್ಚರ್ಯವೇನೂ ಇರಲಿಲ್ಲ. ಭಾವನ ವಿಶೇಷವೇ ಅದು. ಬಿಲ್ ಕಟ್ಟಲು ಎರಡು ಸಾಲಿದ್ದರೆ ಅವರು ನಿಂತ ಸಾಲಿನ ಗುಮಾಸ್ತ ಆ ಕ್ಷಣವೇ ಊಟಕ್ಕೆ ಏಳುತ್ತಾನೆ. ಅವರು ಹೋದ ದಾರಿಯಲ್ಲೇ ಅಂದು ಬೀದಿ ಅಗೆದಿರುತ್ತಾರೆ. ಎಷ್ಟೋ ವರ್ಷದಿಂದ ಅಕ್ಕ ಮಾಡುವುದಿಷ್ಟೇ: ಅವರು ಯಾವ ಸಾಲು ಹಿಡಿಯುತ್ತಾರೆ ನೋಡಿ, ತಾನು ಹೋಗಿ ಇನ್ನೊಂದರಲ್ಲಿ ನಿಲ್ಲುತ್ತಾಳೆ. ಅವಳ ಕೆಲಸ ಮುಗಿದ ಮೇಲೆ ಬಂದು ಅವರನ್ನು ಕರೆದುಕೊಂಡು ಹೋಗುತ್ತಾಳೆ. ಈ ಏರ್ಪಾಡಿನ ಬಗ್ಗೆ ಇಬ್ಬರೂ ಎಂದೂ ಮಾತಾಡಿಕೊಂಡಿಲ್ಲ. ಒಳ್ಳೆಯ ಸಂಸಾರ ಎಂದರೆ ಬಹುಶಃ ಇದೇ.

ಆದರೆ ಷೇರಿನ ಸೋಲು ಸಾಲಿನಲ್ಲಿ ನಿಂತ ಸೋಲಿನಂತಲ್ಲ. ಹೊಸ ಲೆನ್ಸ್ ಯಂತ್ರ ಕೊಳ್ಳುವ ಮಾತು ನಿಂತಿತು. ಭಾವ ಮನುಷ್ಯರ ಮುಖ ನೋಡುವುದು ಬಿಟ್ಟರು. ಮೂಗಿನ ಅಳತೆ ತೆಗೆಯುವಾಗಲೂ ಮೂಗು ಮಾತ್ರ ನೋಡುತ್ತಿದ್ದರು. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಏರುಗೆರೆ ಇಳಿಗೆರೆ ಎಳೆಯುತ್ತಿದ್ದರಂತೆ. ಒಮ್ಮೆ ಟೀಚರಿಗೆ ಓದುವ ಕನ್ನಡಕದ ಎಡ ಲೆನ್ಸನ್ನು ಬಲಕ್ಕೆ ಕೂರಿಸಿ ಕೊಟ್ಟು, ಆಕೆ ತಿರುಗಿ ತಂದಾಗ ಎದ್ದು ನಿಂತು ಕೈ ಜೋಡಿಸಿದರು. ಅದನ್ನು ನೋಡಿ ನನಗೂ ನಗು ಬರಲಿಲ್ಲ.

ಅಷ್ಟರಲ್ಲಿ ದೆಸೆ ತಿರುಗಿತು.

ಒಂದು ಸೋಮವಾರ ಕೊಂಡದ್ದು ಗುರುವಾರ ಏರಿತು. ಮುಂದಿನದೂ ಏರಿತು. ಮಾರಿದ್ದು ಮಾರಿದ ಬೆನ್ನಿಗೇ ಕುಸಿಯಿತು. ಗುರುವಿನ ಶಿಷ್ಯರೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದ ವಾರದಲ್ಲೇ ನಮ್ಮ ಭಾವ ಗೆದ್ದರು. ಸಾಲದ್ದಕ್ಕೆ ಒಂದು ಸಂಶೋಧನೆ ಬೇರೆ. ಹಿಡಿಯಿರುವ ಕಪ್ ಎಂದರೆ ಹಿಡಿ ಬಲಗಡೆಗೇ ಇರಬೇಕು. ಎಲ್ಲ ಪಾಠದಲ್ಲೂ ಹಾಗೇ. ಭಾವನಿಗೆ ಎಡಗಡೆ ಹಿಡಿಯಿರುವ ಕಪ್ ಕಾಣಿಸತೊಡಗಿತು. ಒಂದಲ್ಲ, ಎರಡಲ್ಲ, ಎಲ್ಲಿ ನೋಡಿದರೂ ಅದೇ.

"ಯಾರೂ ಇದನ್ನ ನೋಡಿಲ್ಲ!" ಎಂದು ಲೆನ್ಸಿನ ಧೂಳು ಮೆತ್ತಿದ ಕೈಯಲ್ಲೇ ಹೊರಗೆ ಓಡಿಬಂದರು. "ಗುರುವೂ ನೋಡಿಲ್ಲ! ಬರೆದು ಕಳಿಸಿದೆ. ಎಡಗೈ ಕಪ್ ಅಂತ ನಾನೇ ಹೆಸರಿಟ್ಟೆ."

"ಎಡಗೈಯವರು ಟೀ ಕುಡಿಯೋಕೆ ಅನುಕೂಲ," ಎಂದಳು ಅಕ್ಕ. ಆದರೆ ಅವಳ ಮುಖ ಸ್ವಲ್ಪ ಬಿಳಿಚಿತ್ತು. ನಾನು ಗಮನಿಸಿದೆ, ರಕ್ತ ಕಡಿಮೆಯಿರಬೇಕೆಂದು ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದೆ.

ಗೆಲುವು ಭಾವನನ್ನು ಹೇಗೆ ಬದಲಿಸಿತು ಎಂದರೆ, ನಡಿಗೆಯೇ ಬೇರೆಯಾಯಿತು. ಫ್ರೇಮು ಬಗ್ಗಿಸುವಾಗ ಗುನುಗುತ್ತಿದ್ದರು. ಮತ್ತೆ ಮುಖ ನೋಡಿ ಮಾತಾಡಿಸತೊಡಗಿದರು. ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ತುದಿಯ ತನಕ ಹೋಗಿಬರುತ್ತಿದ್ದರು. ನಾನು ಹಿಂದೆಯೇ ಎರಡೂ ಕೈ ಚಾಚಿಕೊಂಡು ಓಡುತ್ತಿದ್ದೆ. ಎಲ್ಲ ಸರಿ. ಒಂದು ದಿನ ಮಾತ್ರ ಟೀ ಲೋಟ ಕೆಳಗಿಟ್ಟು ಘೋಷಿಸಿದರು:

"ಅಂಗಡಿ ಬಾಡಿಗೆಗೆ ಕೊಡ್ತಾ ಇದೀನಿ. ಎದುರುಗಡೆ ಮೊಬೈಲ್ ಅಂಗಡಿಯವನಿಗೆ. ಯಂತ್ರಗಿಂತ್ರ ಎಲ್ಲ ಮಾರಿಬಿಡೋಣ. ಇನ್ನು ಮನೇಲಿ ಕೂತು ಪೂರ್ತಿ ಹೊತ್ತು ಇದೇ."

ಅಕ್ಕ ಒರೆಸುತ್ತಿದ್ದ ಫ್ರೇಮನ್ನು ಒರೆಸುತ್ತಲೇ ಇದ್ದಳು. ಮದುವೆಯಾಗಿ ಬಂದ ವರ್ಷದಿಂದ ಅವಳು ಕೂತಿರುವುದು ಅದೇ ಸ್ಟೂಲಿನ ಮೇಲೆ. ಯಾರ ಮುಖಕ್ಕೆ ಯಾವ ಫ್ರೇಮು ಎನ್ನುವುದನ್ನು ಅವಳು ಬಾಗಿಲಲ್ಲಿ ಕಾಲಿಡುವಾಗಲೇ ಹೇಳುತ್ತಾಳೆ. ಅಲ್ಲಿಂದ ಎದ್ದರೆ ಅವಳು ಎಲ್ಲಿ ಕೂರುತ್ತಾಳೆ ಎಂದು ಯಾರೂ ಯೋಚಿಸಿದಂತಿರಲಿಲ್ಲ. ನಾನು ಯೋಚಿಸಿದೆ. ಯೋಚಿಸುವುದರಲ್ಲಿ ನನ್ನದು ಎತ್ತಿದ ಕೈ.

ಕರಾರಿಗೆ ಸಹಿ ಹಾಕುವ ದಿನ ಬಂತು. ಮೊಬೈಲ್ ಅಂಗಡಿಯವನು ಸಂಜೆ ಬರುತ್ತೇನೆ ಎಂದಿದ್ದ. ಯಂತ್ರಗಳು ಹೋಗುವ ಮೊದಲು ಮಗಳ ಕಣ್ಣು ಪರೀಕ್ಷೆಯಾಗಲಿ ಎಂದು ನಾನು ಹಟ ಹಿಡಿದೆ. ಅವಳು ಟಿವಿಯನ್ನು ತಲೆ ವಾಲಿಸಿಕೊಂಡು ನೋಡುತ್ತಾಳೆ. ನನ್ನ ಗಂಡ, ಸೋಫಾದ ದಿಂಬು ಸರಿಯಿಲ್ಲ ಅದಕ್ಕೆ ಎನ್ನುತ್ತಾನೆ. ಗಂಡಸರಿಗೆ ಎಲ್ಲದಕ್ಕೂ ದಿಂಬೇ ಕಾರಣ.

ಓದು ಬಾರದ ಮಕ್ಕಳಿಗೆ ಅಕ್ಷರದ ಫಲಕದ ಪಕ್ಕದಲ್ಲೇ ಬೇರೆ ಫಲಕ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು; ಹಲ್ಲು ಯಾವ ಕಡೆಗಿದೆಯೋ ಮಗು ಆ ಕಡೆ ಕೈ ತೋರಿಸಬೇಕು. ಮಗಳು ಕುರ್ಚಿಯ ಮೇಲೆ ಎರಡು ದಿಂಬು ಹಾಕಿಸಿಕೊಂಡು ರಾಣಿಯ ಹಾಗೆ ಕೂತಳು. ನಾನು ಅವಳ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ಹಿಡಿದೆ.

"ಪುಟ್ಟಿ, ಹಲ್ಲು ಯಾವ ಕಡೆ?" ಎಂದರು ಭಾವ.

ಮಗಳು ಕೈಯನ್ನು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಸಿದಳು.

"ಇದು?"

ಮತ್ತೆ ಅದೇ, ಜುಯ್ಯೆಂದು.

ನಾನು ಅವಳ ಕಣ್ಣಿನಿಂದ ಕೈ ತೆಗೆದೆ. "ಭಾವ, ಅವಳಿಗೆ ಕಾಣ್ತಾ ಇಲ್ಲ! ಏನೂ ಕಾಣ್ತಾ ಇಲ್ಲ! ನಾನು ಹೇಳಿರಲಿಲ್ವಾ?"

"ಕಾಣ್ತದಮ್ಮಾ," ಎಂದಳು ಮಗಳು ಬೇಸರದಿಂದ. "ಜಾರುಬಂಡೆ. ಮೇಲ್ಗಡೆ. ಈ ಕಡೆ ಹತ್ತಿ, ಆ ಕಡೆ ಜಾರೋದು."

ಅವಳು ನೋಡುತ್ತಿದ್ದುದು ಫಲಕವನ್ನಲ್ಲ, ಅದರ ಮೇಲಿದ್ದ ಷೇರಿನ ಗೆರೆಯನ್ನು. ನಿಜವಾಗಿಯೂ ಅಲ್ಲಿ ಜಾರುಬಂಡೆಯಿದೆಯೋ, ಇಲ್ಲ ನನ್ನ ಮಗುವಿನ ಕಣ್ಣಿನಲ್ಲೇ ಜಾರುಬಂಡೆಯೋ ಎಂದು ಖಚಿತ ಮಾಡಿಕೊಳ್ಳಲು ನಾನು ಹಿಂದೆ ತಿರುಗಿ ನೇರವಾಗಿ ತೆರೆಯನ್ನೇ ನೋಡಿದೆ. ಜಾರುಬಂಡೆ ಇರಲಿಲ್ಲ. ಗೆರೆ ಎಡದಿಂದ ಬಲಕ್ಕೆ ಮೇಲೇರಿತ್ತು. ಮೂಲೆಯಲ್ಲಿ ಕಂಪನಿಯ ಹೆಸರು ನೆಟ್ಟಗಿತ್ತು. ಯಾವುದೋ ಸಿಮೆಂಟ್ ಕಂಪನಿ. ಅದರ ಕೆಳಗೆ ಫಲಕದ ಅಕ್ಷರಗಳು ಎಂದಿನಂತೆ ಉಲ್ಟಾ. ಕನ್ನಡಿಯ ಕಡೆ ತಿರುಗಿದೆ. ಅಲ್ಲಿ ಫಲಕ ನೆಟ್ಟಗೆ, ಸಿಮೆಂಟ್ ಕಂಪನಿ ಉಲ್ಟಾ, ಏರಿದ ಗೆರೆ ಇಳಿದಿತ್ತು.

ಭಾವ ಕನ್ನಡಿ ನೋಡುತ್ತಲೇ ಇದ್ದರು. "ಸಿಮೆಂಟ್ ಇಳೀತಾ ಇದೆ," ಎಂದರು ತಮ್ಮಷ್ಟಕ್ಕೆ, ತೃಪ್ತಿಯಿಂದ. "ನಾಳೆ ಮಾರಿಬಿಡೋಣ."

ಅಂದರೆ ತೆರೆಯ ಬೆನ್ನಿನ ಗುಂಡಿ ಮತ್ತೊಮ್ಮೆ ಒತ್ತಿಹೋಗಿದೆ. ಯಾವತ್ತಿನಿಂದಲೋ ನಮ್ಮ ಭಾವ ಏರಿದ್ದನ್ನು ಇಳಿದದ್ದೆಂದೂ ಇಳಿದದ್ದನ್ನು ಏರಿದ್ದೆಂದೂ ನೋಡಿ, ಅದೇ ಭರವಸೆಯಲ್ಲಿ ಕೊಂಡು ಮಾರಿ, ಗೆಲ್ಲುತ್ತಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಕಂಪನಿಯ ಹೆಸರು ಓದಲು ಬಾರದೆ ಮೊದಲ ದಿನವೇ ಕೂಗಿಕೊಳ್ಳುತ್ತಿದ್ದರು. ಇವರಿಗೆ ಎರಡೂ ಕಡೆಯಿಂದ ಓದುವ ವಿದ್ಯೆ ಬರುತ್ತದಲ್ಲ.

ಮಗಳನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಓಡಿದೆ. ಅಕ್ಕ ನಲ್ಲಿಯ ಕೆಳಗೆ ಲೆನ್ಸ್ ತೊಳೆಯುತ್ತಿದ್ದಳು.

"ಅಕ್ಕಾ, ಆ ತೆರೆ ಉಲ್ಟಾ ಆಗಿದೆ! ಗುಂಡಿ..."

"ಗೊತ್ತು."

"ಗೊತ್ತಾ?"

"ನಾನೇ ಒತ್ತಿದ್ದು." ಅವಳು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದಳು. "ದಿನಾ ತೆರೆ ಒರೆಸೋಳು ನಾನೇ ಅಲ್ವಾ? ಒಂದಿನ ಒರೆಸ್ತಾ ಯೋಚನೆ ಬಂತು. ಈ ಮನುಷ್ಯ ನಿಂತ ಸಾಲು ಯಾವತ್ತಾದರೂ ಮುಂದೆ ಹೋಗಿದೆಯಾ? ಹಾಗಾದ್ರೆ ಇವರಿಗೆ ಸಾಲನ್ನೇ ತಿರುಗಿಸಿ ತೋರಿಸಿದ್ರೆ ಹೇಗೆ ಅಂತ."

ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಓದಿದವಳು; ಇದಕ್ಕೆ ಅಲ್ಲಿ ಏನು ಹೆಸರು ಎಂದು ಗೊತ್ತಾಗಲಿಲ್ಲ.

"ಕಳಕೊಂಡಿದ್ದು ವಾಪಸ್ ಬಂದ ಕೂಡಲೇ ಸರಿ ಮಾಡಿಬಿಡೋಣ ಅಂದ್ಕೊಂಡೆ ಕಣೇ. ಅಷ್ಟರಲ್ಲಿ ಅವರು ಹಾಡೋಕೆ ಶುರು ಮಾಡಿದ್ರು." ಅವಳು ನಲ್ಲಿ ನಿಲ್ಲಿಸಿದಳು. "ಒಂದು ರಾತ್ರಿ ಊಟ ಮಾಡ್ತಾ ನನ್ನ ಮುಖ ನೋಡಿ, ನೀನು ಸೊರಗಿದೀಯ ಅಂದ್ರು. ಎಷ್ಟು ದಿನ ಆಗಿತ್ತು ಗೊತ್ತಾ, ಅವರು ನನ್ನ ಮುಖ ನೋಡಿ? ಆಮೇಲೆ ಹೇಗೆ ಹೇಳಲಿ?"

"ಸಂಜೆ ಅವನು ಬರ್ತಾನೆ ಅಕ್ಕ. ಸಹಿ ಬಿದ್ರೆ ಅಂಗಡಿ ಹೋಯ್ತು."

"ಹೂಂ. ಹೇಳಿದ್ರೆ ಇವರು ಹೋದ್ರು. ಜೀವಮಾನದಲ್ಲಿ ಗೆದ್ದಿದ್ದು ಇದೊಂದೇ, ಅದನ್ನೂ ಹೆಂಡತಿ ಗೆಲ್ಲಿಸಿದ್ದು ಅಂತ." ಅವಳು ಕೈ ಒರೆಸಿಕೊಂಡಳು. "ನೀನು ಎಲ್ಲದಕ್ಕೂ ಹೆದರೋಳಲ್ವಾ? ಹೇಳು, ಯಾವುದಕ್ಕೆ ಜಾಸ್ತಿ ಹೆದರಬೇಕು?"

ಮೊದಲ ಬಾರಿಗೆ ಯಾರೋ ನನ್ನನ್ನು ಈ ವಿಷಯದಲ್ಲಿ ತಜ್ಞೆಯೆಂದು ಸಲಹೆ ಕೇಳಿದ್ದರು. ಎರಡಕ್ಕೂ ಎಂದೆ.

ಸಂಜೆ ಮೊಬೈಲ್ ಅಂಗಡಿಯವನು ಬಂದ. ಅಂಗಡಿಯೊಳಗೆ ಕಾಲಿಡುತ್ತಲೇ ಗೋಡೆಗಳನ್ನು ಬೆರಳಿಂದ ತಟ್ಟಿ ನೋಡಿದ. "ಈ ಮಧ್ಯದ ಗೋಡೆ ಒಡೆದರೆ ಜಾಗ ದೊಡ್ಡದಾಗುತ್ತೆ ಸಾರ್. ಆ ಕನ್ನಡಿ ನಂಗೆ ಬೇಡ, ನೀವೇ ತಗೊಂಡು ಹೋಗಿ."

ಭಾವ ಜೇಬಿನಿಂದ ಪೆನ್ನು ತೆಗೆದರು. ಅಕ್ಕ ಸ್ಟೂಲಿನಿಂದ ಎದ್ದಳು.

"ಒಂದು ನಿಮಿಷ. ಸಹಿ ಹಾಕೋ ಮೊದಲು ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ."

"ಯಾರಿಗೆ?"

"ನಿಮಗೆ. ಇಷ್ಟು ವರ್ಷ ಊರಿನವರಿಗೆಲ್ಲ ಮಾಡಿದ್ರಿ. ನೀವು ಒಂದು ಸಲ ಆ ಕುರ್ಚೀಲಿ ಕೂತಿಲ್ಲ. ಇವತ್ತು ಬಿಟ್ಟರೆ ಇನ್ಯಾವತ್ತು?"

ಗೆದ್ದ ಮನುಷ್ಯ ಉದಾರಿ. ನಕ್ಕು ಒಳಗೆ ಹೋಗಿ ಕೂತರು. ಅಕ್ಕ ಪರೀಕ್ಷೆಯ ಫ್ರೇಮನ್ನು ಅವರ ಮೂಗಿಗೇರಿಸಿ, ಕಿವಿಯ ಹಿಂದೆ ಸರಿಮಾಡಿ, ಒಂದು ಕಣ್ಣಿಗೆ ಕಪ್ಪು ತಗಡು ಹಾಕಿದಳು. ಮೊಬೈಲ್ ಅಂಗಡಿಯವನೂ ನಾನೂ ಬಾಗಿಲಲ್ಲಿ ನಿಂತೆವು. ಭಾವ ಫಲಕವನ್ನು ಕೊನೆಯ ಸಾಲಿನ ತನಕ ಗಡಗಡ ಓದಿದರು.

"ಈಗ ಅದರ ಮೇಲಿರೋದು ಓದಿ," ಎಂದಳು ಅಕ್ಕ.

"ತೆರೆ ಮೇಲಿಂದಾ? ಸಿಮೆಂಟು." ಪೂರ್ತಿ ಹೆಸರನ್ನು ತೊಡರದೆ ಓದಿದರು.

"ಚೆನ್ನಾಗಿ ಕಾಣ್ತಾ?"

"ಹೊಸದರ ಹಾಗೆ ಇದೆ ನನ್ನ ಕಣ್ಣು."

"ಏಳಿ. ಇವರು ಕೂತ್ಕೊಳ್ಳಲಿ."

ಮೊಬೈಲ್ ಅಂಗಡಿಯವನು ಏನೋ ಪುಕ್ಕಟೆ ಸಿಗುತ್ತಿದೆ ಎಂದು ಖುಷಿಯಿಂದ ಕೂತು ಅದೇ ಫ್ರೇಮು ಹಾಕಿಸಿಕೊಂಡ. ಫಲಕ ಓದಿದ. ಮೇಲಿನದು ಓದಿ ಎಂದಾಗ ತಲೆ ಅತ್ತ ಇತ್ತ ವಾಲಿಸಿದ, ಥೇಟ್ ನನ್ನ ಮಗಳ ಹಾಗೆ.

"ಇದು ಯಾವ ಭಾಷೆ ಮೇಡಂ?"

"ಸರಿಯಾಗಿ ನೋಡ್ರೀ," ಎಂದರು ಭಾವ. "ಸಿಮೆಂಟು ಅಂತ ಇದೆಯಲ್ಲ."

"ಸಾರ್, ಇದು ಉಲ್ಟಾ ಇದೆಯಲ್ಲ ಸಾರ್."

ಭಾವನ ನಗು ಮುಖದ ಮೇಲೆ ಹಾಗೇ ನಿಂತಿತು. ನಿಧಾನವಾಗಿ ಹಿಂದೆ ತಿರುಗಿ ತೆರೆಯನ್ನು ನೇರವಾಗಿ ನೋಡಿದರು. ಮತ್ತೆ ಕನ್ನಡಿ. ಮತ್ತೆ ತೆರೆ. ಏರಿದ ಗೆರೆ, ಇಳಿದ ಗೆರೆ. ನನಗೆ ಅವರ ಎದೆಯದೇ ಚಿಂತೆಯಾಯಿತು. ಅವರ ಅಪ್ಪನಿಗೂ ಎದೆಯ ತೊಂದರೆ ಇತ್ತು. ಓಡಿಹೋಗಿ ಒಂದು ಲೋಟ ನೀರು ತಂದು ಹಿಡಿದು ನಿಂತೆ.

"ಯಾವತ್ತಿಂದ?" ಎಂದರು ಭಾವ.

"ನೀವು ಹಾಡೋಕೆ ಶುರು ಮಾಡೋ ಮುಂಚಿಂದ," ಎಂದಳು ಅಕ್ಕ. "ನಾನೇ ಒತ್ತಿದೆ."

ಅವರು ಕೂತುಬಿಟ್ಟರು. ಕುರ್ಚಿಯಲ್ಲಿ ಮೊಬೈಲ್ ಅಂಗಡಿಯವನು ಇದ್ದುದರಿಂದ ಮಗಳ ದಿಂಬಿನ ಮೇಲೆ, ನೆಲಕ್ಕೆ.

"ಹಾಗಾದ್ರೆ... ಎಡಗೈ ಕಪ್?"

"ಬಲಗೈದೇ ರೀ."

ಇಷ್ಟು ದೊಡ್ಡ ಶೋಕವಾರ್ತೆಯನ್ನು ಇಷ್ಟು ಚಿಕ್ಕ ಮಾತಿನಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

"ನನ್ನ ಮೇಲೆ ನಿನಗೆ ಒಂದು ಚೂರೂ ನಂಬಿಕೆ ಇರಲಿಲ್ಲ, ಅಲ್ವಾ?"

"ಪೂರ್ತಿ ನಂಬಿಕೆ ಇತ್ತು ರೀ. ನೀವು ಏನಂದ್ರೂ ತಪ್ಪೇ ಮಾಡ್ತೀರಿ ಅಂತ. ಒಂದು ದಿನಾನೂ ನೀವು ಆ ನಂಬಿಕೆ ಕೆಡಿಸಲಿಲ್ಲ."

ಮೊಬೈಲ್ ಅಂಗಡಿಯವನು ಕುರ್ಚಿಯಿಂದ ಏಳಬೇಕೋ ಬೇಡವೋ ತಿಳಿಯದೆ ಪರೀಕ್ಷೆಯ ಫ್ರೇಮು ತೊಟ್ಟುಕೊಂಡೇ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಒಂದು ಕಣ್ಣಿಗೆ ತಗಡಿದ್ದುದರಿಂದ ಅವನಿಗೆ ಅರ್ಧ ಸಂಸಾರ ಮಾತ್ರ ಕಂಡಿರಬೇಕು.

ಭಾವ ಬಹಳ ಹೊತ್ತು ಅಕ್ಕನ ಮುಖವನ್ನೇ ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಮೊಬೈಲ್ ಅಂಗಡಿಯವನ ಮೂಗಿನಿಂದ ಫ್ರೇಮು ತೆಗೆದು, ಅವನ ಕೈಲಿದ್ದ ಕರಾರನ್ನು ಮಡಚಿ ಅವನ ಜೇಬಿಗೇ ತುರುಕಿದರು.

"ಅಂಗಡಿ ಕೊಡೋದಿಲ್ಲ."

ನನ್ನ ಜೀವ ಬಂದಂತಾಯಿತು. ಬುದ್ಧಿ ಬಂತು, ಕೊನೆಗೂ ಬಂತು ಎಂದು ನಾನು ಅಕ್ಕನ ಕೈ ಹಿಡಿದೆ.

"ಯಾಕೆ ಸಾರ್? ಮಾತಾಗಿತ್ತಲ್ಲ!"

"ಈ ಕನ್ನಡಿ ಬಿಟ್ಟು ನಾನು ಹೇಗ್ರೀ ಬರ್ಲಿ?" ಭಾವನ ಕಣ್ಣಲ್ಲಿ ಮತ್ತೆ ಆ ಹೊಳಪು. "ಇಷ್ಟು ದಿನ ಗೆದ್ದಿದ್ದು ಯಾವುದರಿಂದ? ಇದರಿಂದ! ಗೋಡೆ ಒಡೀತಾರಂತೆ, ಗೋಡೆ! ನೇರ ನೋಡಿದ್ರೆ ನಾನು ಸೋಲ್ತೀನಿ, ಕನ್ನಡೀಲಿ ನೋಡಿದ್ರೆ ಗೆಲ್ತೀನಿ. ಈ ಪದ್ಧತಿ ಆ ಗುರುಗೆ ಗೊತ್ತಿದೆಯಾ? ಅವನ ಮನೇಲಿ ಇಂಥ ಕೋಣೆ ಇದೆಯಾ?"

ಅಕ್ಕ ನನ್ನ ಕೈ ಬಿಡಿಸಿಕೊಂಡು ಟೀ ಇಡಲು ಹೋದಳು. ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ಹಿಂದೆಯೇ ಓಡಿದೆ. ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.

ಅಂಗಡಿ ಹೀಗೆ ಉಳಿಯಿತು. ಜಾಣತನದಿಂದ ಉಳಿಯಿತು ಎಂದು ಹೇಳಿಕೊಳ್ಳಲು ನನಗೂ ಆಸೆಯಿದೆ.

ಕನ್ನಡಿ ಪದ್ಧತಿಯಲ್ಲಿ ಒಂದೇ ಒಂದು ತೊಡಕಿದೆ ಎಂದು ಬೇಗನೆ ಗೊತ್ತಾಯಿತು. ತೆರೆ ಉಲ್ಟಾ ಇದೆಯೆಂದು ತಿಳಿದುಬಿಟ್ಟರೆ ಭಾವ ಮನಸ್ಸಿನಲ್ಲೇ ಅದನ್ನು ತಿದ್ದಿಕೊಳ್ಳುತ್ತಾರೆ. ತಿದ್ದಿಕೊಂಡ ಕೂಡಲೇ ಅದು ಅವರ ಸ್ವಂತ ಅಭಿಪ್ರಾಯವಾಗುತ್ತದೆ. ಸ್ವಂತ ಅಭಿಪ್ರಾಯವಾದ ಕೂಡಲೇ ಸೋಲು. ಆದ್ದರಿಂದ ತೆರೆ ಯಾವ ಕಡೆಗಿದೆ ಎಂದು ಅವರಿಗೆ ತಿಳಿಯಲೇಕೂಡದು. ಈಗ ಅಕ್ಕ ದಿನಾ ಬೆಳಿಗ್ಗೆ ಬಟ್ಟೆ ಹಿಡಿದು ಕುರ್ಚಿಯ ಮೇಲೆ ಹತ್ತುತ್ತಾಳೆ. ತೆರೆಯ ಬೆನ್ನು ಒರೆಸುತ್ತಾಳೆ. ಒತ್ತಿದಳೋ ಇಲ್ಲವೋ ಹೇಳುವುದಿಲ್ಲ. ಭಾವ ಆಗ ಮರ್ಯಾದೆಯಿಂದ ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಾರೆ.

ಆಮೇಲೆ ದಿನವೆಲ್ಲ ಅನುಮಾನ. ಮೊನ್ನೆ ಟೀಚರು ಬಂದು ಕುರ್ಚಿಯಲ್ಲಿ ಕೂತಿದ್ದರು. ಒಂದು ಚಂದದ ಕಪ್ ಮೂಡಿತ್ತು. ಭಾವನ ಹೆಬ್ಬೆರಳು ಫೋನಿನ ಮೇಲೆ, ಇಳಿಯದು, ಸರಿಯದು.

"ಮೇಡಂ," ಎಂದರು ತಡೆಯಲಾರದೆ, "ಆ ಮೇಲಿರೋ ಹೆಸರು ನಿಮಗೆ ಓದೋಕೆ ಬರುತ್ತಾ? ಬೇಡ ಬೇಡ, ಹೇಳಬೇಡಿ!"

"ಏನಪ್ಪ ನೀನು, ಓದು ಅಂತೀಯ, ಬೇಡ ಅಂತೀಯ. ನನ್ನ ಮೂಗಿನ ಮೇಲಿರೋದು ಚುಚ್ಚುತ್ತಾ ಇದೆ, ಮೊದಲು ಅದನ್ನ ಸರಿ ಮಾಡು."

ಭಾವ ಬಾಗಿಲಿನಿಂದ ಅಕ್ಕನತ್ತ ಕತ್ತು ಚಾಚಿದರು. "ಏನೇ, ಕೊಳ್ಳಲಾ?"

"ಮೂಗು ನೋಡಿ ರೀ," ಎಂದಳು ಅಕ್ಕ ಸ್ಟೂಲಿನಿಂದ.

ಫೋನು ಜೇಬಿಗಿಳಿಯಿತು. ಭಾವ ಬಗ್ಗಿ, ಟೀಚರ ಮುಖವನ್ನು ಎರಡೂ ಕೈಯಲ್ಲಿ ಹಗುರಾಗಿ ಬೆಳಕಿಗೆ ತಿರುಗಿಸಿ, ಮೂಗಿನ ಪಟ್ಟಿಯನ್ನು ಒಂದು ಕೂದಲಿನಷ್ಟು ಒಳಗೆ ಬಗ್ಗಿಸಿದರು. ಮತ್ತೆ ತೊಡಿಸಿ ನೋಡಿದರು. ಮತ್ತೊಂದು ಕೂದಲು. ಅದು ಸರಿಯಾಗುವ ಹೊತ್ತಿಗೆ ಮಾರುಕಟ್ಟೆ ಮುಚ್ಚಿತ್ತು. ಈಚೆಗೆ ಹೆಚ್ಚಿನ ದಿನ ಹೀಗೇ ಮುಚ್ಚುತ್ತದೆ.

ಮಗಳ ಕಣ್ಣು ಚೆನ್ನಾಗಿದೆಯಂತೆ. ದಿಂಬು ಬದಲಿಸಿ ಎಂದರು ಭಾವ. ಬದಲಿಸಿದ್ದೇನೆ. ಆದರೂ ಮುಂದಿನ ವಾರ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಕನ್ನಡಿಯಿಲ್ಲದ ಕೋಣೆಯಿರುವವರ ಹತ್ತಿರ.